ಟೇಪ್ ಡ್ರೈವಿಗೊಂದು ಅಂಕಿತನಾಮ

ರೂಢನಾಮ, ಅಂಕಿತನಾಮ, ಅನ್ವರ್ಥನಾಮವೆಂದು ಹೆಸರುಗಳು ಮೂರು ಬಗೆ ಎಂಬುದನ್ನು ಶಾಲೆಯಲ್ಲಿ ಕಲಿತವರೆಲ್ಲ ಬಲ್ಲರು. ನದಿ ಎಂಬುದು ರೂಢನಾಮ, ಕಾವೇರಿ ಅಂಕಿತನಾಮ. ಗಣಕಯಂತ್ರದ ಕೋಣೆಯಲ್ಲಿ ಈ ಭೇದವನ್ನು ಮರೆತರೆ ಒಂದು ಸಂಸ್ಥೆಯ ಹಲವು ವರ್ಷಗಳ ದಾಖಲೆಯೇ ಕೈಬಿಟ್ಟುಹೋಗಬಹುದು.

ಧ್ವನಿಯನ್ನು ಹಿಡಿದಿಡುವ ಕಾಂತೀಯ ಟೇಪು ರೇಡಿಯೋ ಕೇಳುವವರಿಗೆ ಹೊಸದಲ್ಲ. ಅದೇ ಜಾತಿಯ ಟೇಪು ಇಂದಿಗೂ ಗಣಕಗಳ ದಾಖಲೆಗಳ ಮರುಪ್ರತಿಯನ್ನು ಕಾಪಾಡುತ್ತಿದೆ. ೨೦೨೧ರಲ್ಲಿ ಬಂದ ಎಲ್‌ಟಿಒ-೯ ಎಂಬ ಬಗೆಯ ಒಂದು ಸಣ್ಣ ಪೆಟ್ಟಿಗೆ ೧೮ ಟೆರಾಬೈಟು, ಅಂದರೆ ೧೮ ಲಕ್ಷ ಕೋಟಿ ಬೈಟುಗಳನ್ನು ಹಿಡಿಯುತ್ತದೆ. ಅದನ್ನು ಓದಿ ಬರೆಯುವ ಯಂತ್ರವೇ ಟೇಪ್ ಡ್ರೈವ್.

೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ವ್ಯವಸ್ಥೆಯು ಈ ಡ್ರೈವುಗಳನ್ನು ಎಸ್‌ಟಿ ೦, ಎಸ್‌ಟಿ ೧ ಎಂದು ಕರೆಯುತ್ತದೆ. ಈ ಸಂಖ್ಯೆ ಕಣ್ಣಿಗೆ ಬಿದ್ದ ಸರದಿಯಂತೆ ಬರುವುದು. ಬಾಗಿಲಿಗೆ ಬಂದ ಕ್ರಮದಲ್ಲೇ ಹುಡುಗರಿಗೆ ಹಾಜರಿ ಸಂಖ್ಯೆ ಕೊಟ್ಟ ಹಾಗೆ. ಒಂದು ಡ್ರೈವ್ ತಡವಾಗಿ ಎಚ್ಚೆತ್ತರೆ, ತಂತಿಯನ್ನು ಬೇರೆಡೆ ಜೋಡಿಸಿದರೆ, ಯಂತ್ರವನ್ನು ಮರಳಿ ಚಾಲೂ ಮಾಡಿದಾಗ ನಿನ್ನೆಯ ಸೊನ್ನೆ ಇಂದು ಒಂದಾಗಬಹುದು. ರಾತ್ರಿ ತಾನಾಗಿ ನಡೆಯುವ ಕೆಲಸಕ್ಕೆ ಇದೇನು ಗೊತ್ತು? ಟೇಪಿನ ಗುರುತನ್ನು ಪರೀಕ್ಷಿಸುವ ತಂತ್ರಾಂಶವಾದರೆ ಕೆಲಸ ನಿಂತೀತು. ಪರೀಕ್ಷಿಸದಿದ್ದರೆ ಬೇರೊಂದು ಟೇಪಿನ ಮೊದಲಿನಿಂದ ಬರೆದೀತು. ಹಾಗೆ ಬರೆದ ಮೇಲೆ ಮುಂದಿದ್ದ ಹಳೆಯ ಬರಹ ಸಾಮಾನ್ಯ ರೀತಿಯಲ್ಲಿ ಓದಲು ಸಿಗದು.

ಪರಿಹಾರ ಸುಲಭ. ಪ್ರತಿ ಡ್ರೈವಿಗೂ ತಯಾರಕರು ಕೊಟ್ಟ ಕ್ರಮಸಂಖ್ಯೆಯುಂಟು. ಲಿನಕ್ಸಿನ ಯುಡೆವ್ ಎಂಬ ಅಂಗ ಅದನ್ನು ಕೇಳಿ ತಿಳಿದು, 'ಡೆವ್' ಕಡತಕೋಶದೊಳಗಿನ 'ಟೇಪ್', ಅದರೊಳಗಿನ 'ಬೈ-ಐಡಿ' ಎಂಬಲ್ಲಿ ಒಂದು ಅಡ್ಡಹೆಸರನ್ನು ಇಡುತ್ತದೆ. ಸರದಿಯ ಸಂಖ್ಯೆ ಬದಲಾದರೂ ಈ ಹೆಸರು ಅದೇ ಡ್ರೈವನ್ನು ತೋರಿಸುತ್ತದೆ. ಮರುಪ್ರತಿಯ ತಂತ್ರಾಂಶಕ್ಕೆ ಈ ಹೆಸರನ್ನೇ ಕೊಡಬೇಕು. ಕೊನೆಗೆ 'ಎನ್‌ಎಸ್‌ಟಿ' ಎಂದಿರುವ ಹೆಸರಿನಿಂದ ಬರೆದರೆ ಕೆಲಸ ಮುಗಿದ ಮೇಲೆ ಟೇಪು ಹಿಂದಕ್ಕೆ ಸುತ್ತಿಕೊಳ್ಳದು. ಒಂದರ ಮುಂದೊಂದು ಬರೆಯುವವರಿಗೆ ಅದೇ ತಕ್ಕುದು.

ಚಿಕ್ಕ ಹೆಸರು ಬೇಕೆನ್ನುವವರು ಯುಡೆವ್ ನಿಯಮಗಳಲ್ಲಿ ಒಂದು ಸಾಲು ಬರೆದು ತಮಗೆ ಬೇಕಾದುದನ್ನು ಇಡಬಹುದು. ಆದರೆ ಒಂದೇ ಡ್ರೈವಿಗೆ ಸುತ್ತುವ, ಸುತ್ತದ ರೂಪಗಳೆಂದು ಹಲವು ಮುಖಗಳಿವೆ. ಕ್ರಮಸಂಖ್ಯೆಯೊಂದನ್ನೇ ಹೇಳಿದರೆ ಎಲ್ಲವೂ ಒಂದೇ ಹೆಸರಿಗೆ ಜಗಳವಾಡುತ್ತವೆ. ಯಾವ ರೂಪಕ್ಕೆ ಯಾವ ಹೆಸರೆಂಬುದನ್ನು ಬಿಡಿಸಿ ಬರೆಯಬೇಕು. ಕೆಟ್ಟ ಡ್ರೈವನ್ನು ಬದಲಿಸಿದಾಗ ಕ್ರಮಸಂಖ್ಯೆಯೂ ಬದಲಾಗುವುದರಿಂದ ನಿಯಮವನ್ನು ತಿದ್ದಬೇಕು. ಎಲ್ಲ ಆದ ಮೇಲೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಿ, ಹೆಸರು ತನ್ನ ಡ್ರೈವನ್ನೇ ತೋರಿಸುವುದೆ ಎಂದು ನೋಡಿ ನಂಬುವುದು ಲೇಸು.

ಸರದಿಯಿಂದ ಬಂದ ಹೆಸರು ಸರದಿಯೊಡನೆ ಹೋಗುತ್ತದೆ. ಕಾಪಾಡಬೇಕಾದ ವಸ್ತುವಿಗೆ ಅದರೊಡನೆಯೇ ಉಳಿಯುವ ಹೆಸರು ಬೇಕು.