ನೋಟರಿ ಸೀಲು ಅಪೊಸ್ಟಿಲ್ ಅಲ್ಲ ಸ್ವಾಮಿ!

ಮಂಗಳೂರು: ಸೌದಿಗೆ ನರ್ಸ್ ಕೆಲಸಕ್ಕೆ ಹೊರಟವರ ಸರ್ಟಿಫಿಕೇಟಿನ ಬೆನ್ನಿಗೆ ‘ಅಪೊಸ್ಟಿಲ್’ ಬೇಕು. ಸಹಿ, ಮೊಹರು ಅಸಲಿ ಎಂದು ಸಾರುವ ಚೀಟಿಯದು. ‘ಮೊಬೈಲಲ್ಲೇ ನೋಟರಿಯಿಂದ ಮಾಡಿಸಿಕೊಡ್ತೇವೆ’ ಅನ್ನೋ ದಳ್ಳಾಳಿಗಳಿಗೆ ಇದೇ ಸುಗ್ಗಿ.

ಆದರೆ ನಮ್ಮಲ್ಲಿ ನೋಟರಿಗೆ ಆ ಅಧಿಕಾರವಿಲ್ಲ. ಅದು ವಿದೇಶಾಂಗ ಸಚಿವಾಲಯದ್ದು. 1961ರ ಹೇಗ್ ಒಪ್ಪಂದ ಭಾರತಕ್ಕೆ ಅನ್ವಯವಾದದ್ದು 2005ರಲ್ಲಿ, ಸೌದಿಗೆ 2022ರಲ್ಲಿ. ಸಚಿವಾಲಯದ ಶುಲ್ಕ ಕಾಗದಕ್ಕೆ ಬರೀ 50 ರೂಪಾಯಿ. ಅರ್ಜಿ ಪಡೆಯುವ ಏಜೆನ್ಸಿಯ ಚಾರ್ಜು ಬೇರೆ.

ದಾಖಲೆ ಡಿಜಿಟಲ್ ಭಂಡಾರದಲ್ಲಿದ್ದರೆ ಸರ್ಕಾರದ ‘ಇ-ಸನದ್’ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಇಲ್ಲವಾದರೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಸಚಿವಾಲಯ.

ಇನ್ನೊಂದು ಮಾತು: ಹೋಗುವ ದೇಶ ಒಪ್ಪಂದದಲ್ಲಿ ಇಲ್ಲದಿದ್ದರೆ ಅಪೊಸ್ಟಿಲ್ ನಡೆಯದು, ರಾಯಭಾರ ಕಚೇರಿಯ ಮೊಹರೇ ಗತಿ. ಮೊದಲು ವಿಚಾರಿಸಿ, ಆಮೇಲೆ ಜೇಬಿಗೆ ಕೈ ಹಾಕಿ!