ನೀರು, ಎಣ್ಣೆ ಅಂಟದ ಲೇಪನ: ರಫ್ತುದಾರರು ಅರಿಯಬೇಕಾದುದು

ಮೊಬೈಲ್ ಪರದೆಯ ಮೇಲಿನ ಬೆರಳಿನ ಜಿಡ್ಡು ಸುಲಭವಾಗಿ ಅಳಿಸಿಹೋಗಲು ಫ್ಲೋರಿನ್‌ಯುಕ್ತ ಸಿಲೇನ್ ಲೇಪನ ಕಾರಣ. ಅದರ ಅಣುವಿನ ಒಂದು ತುದಿಯಲ್ಲಿರುವ ಸಿಲಿಕಾನ್ ಗಾಜಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಹೊರಮುಖವಾಗಿ ನಿಲ್ಲುವ ಫ್ಲೋರಿನ್ ಸರಪಳಿ ದ್ರವವನ್ನು ಅಂಟಗೊಡದು. ಮೇಲ್ಮೈ ಎಳೆತ ಕಡಿಮೆಯಾದಷ್ಟೂ ದ್ರವವು ಸುಲಭವಾಗಿ ಹರಡುತ್ತದೆ. ನೀರಿನದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಎಣ್ಣೆಯದು ಸುಮಾರು 30. ಆದುದರಿಂದ ನೀರನ್ನು ತಡೆಯಲು ಸಿಲಿಕೋನ್ ಸಾಕು. ಎಣ್ಣೆಗೆ ಫ್ಲೋರಿನ್ ಬೇಕು.

ಆದರೆ ಈ ಸರಪಳಿಗಳು ಪರಿಸರದಲ್ಲಿ ಸುಲಭವಾಗಿ ನಶಿಸುವುದಿಲ್ಲ. ಎಂಟು ಇಂಗಾಲಗಳ ಫ್ಲೋರಿನ್ ಸರಪಳಿಯುಳ್ಳ ಸಿಲೇನ್‌ಗಳು ಪಿ.ಎಫ್.ಒ.ಎ. ಎಂಬ ಹಾನಿಕರ ಆಮ್ಲವಾಗಿ ಮಾರ್ಪಡಬಲ್ಲವು. ಆ ಆಮ್ಲವನ್ನೂ ಅದರ ಮೂಲವಸ್ತುಗಳನ್ನೂ ಸ್ಟಾಕ್‌ಹೋಮ್ ಒಪ್ಪಂದವು 2019ರಲ್ಲಿ ನಿರ್ಮೂಲನಾ ಪಟ್ಟಿಗೆ ಸೇರಿಸಿತು. ರಫ್ತುದಾರರು ಸರಪಳಿಯ ಉದ್ದವನ್ನು ಪೂರೈಕೆದಾರರಿಂದ ಲಿಖಿತವಾಗಿ ಪಡೆಯುವುದು ಒಳಿತು. ನೀರನ್ನಷ್ಟೇ ತಡೆಯಬೇಕಾದಲ್ಲಿ ಫ್ಲೋರಿನ್‌ರಹಿತ ಲೇಪನವೇ ಲೇಸು.