ಇಲಿ ಬರುವ ದಾರಿ, ಇಲಿ ಹೋಗುವ ದಾರಿ

ಬೆಂಗಳೂರಿನ ಮನೆಗಳಲ್ಲಿ ಕಾಟ ಕೊಡುವ ದಂಶಕಗಳು ಮುಖ್ಯವಾಗಿ ಮೂರು ಬಗೆ: ಸಣ್ಣಿಲಿ, ಮನೆ ಇಲಿ ಮತ್ತು ಹೆಗ್ಗಣ. ಸಣ್ಣಿಲಿ ದಿನಸಿ ಡಬ್ಬಗಳ ಹಿಂದೆ, ಫ್ರಿಜ್ಜಿನ ಕೆಳಗೆ, ಹಳೇ ಪೇಪರಿನ ರಾಶಿಯಲ್ಲಿ ಸಂಸಾರ ಹೂಡುತ್ತದೆ. ಮೈಗಿಂತ ಉದ್ದ ಬಾಲದ ಮನೆ ಇಲಿಯದು ಮೇಲಿನ ದಾರಿ. ತೆಂಗಿನ ಮರ, ಕೇಬಲ್ ತಂತಿ, ಪೈಪು ಹಿಡಿದು ಹತ್ತಿ ಲಾಫ್ಟನ್ನೋ ಫಾಲ್ಸ್ ಸೀಲಿಂಗನ್ನೋ ಸೇರುತ್ತದೆ. ಹೆಗ್ಗಣ ನೆಲ ಕೊರೆಯುವ ಪ್ರಾಣಿ. ಅದರ ದೊಡ್ಡ ಜಾತಿ ಒಂದು ಕಿಲೋವರೆಗೂ ತೂಗುತ್ತದೆ. ಚರಂಡಿ, ಕಾಂಪೌಂಡಿನ ಬುಡ, ಸಂಪಿನ ಸುತ್ತಲ ಸಡಿಲ ಮಣ್ಣು ಅದರ ಠಿಕಾಣಿ. ಇವುಗಳ ಜೊತೆ ಓಡಾಡುವ ಚೂಪು ಮೂತಿಯ, ದುರ್ನಾತದ ಮೂಗಿಲಿ ಮಾತ್ರ ದಂಶಕವೇ ಅಲ್ಲ. ಜಿರಳೆ, ಹುಳು ತಿಂದು ಬದುಕುವ ಅದರ ಮೇಲೆ ಯುದ್ಧ ಸಾರುವ ಅಗತ್ಯವಿಲ್ಲ.

ಬಂದಿರುವುದು ಯಾವುದೆಂದು ಹಿಕ್ಕೆಯೇ ಹೇಳುತ್ತದೆ. ಅಕ್ಕಿ ಕಾಳಿಗಿಂತ ಚಿಕ್ಕದಾಗಿ ಕಂಡಕಂಡಲ್ಲಿ ಉದುರಿದ್ದರೆ ಸಣ್ಣಿಲಿ. ಅರ್ಧ ಅಂಗುಲದಷ್ಟಿದ್ದು ತುದಿ ಚೂಪಾಗಿದ್ದರೆ ಮನೆ ಇಲಿ. ಬೆಳಗ್ಗೆ ಎದ್ದಾಗ ಕಾಂಪೌಂಡಿನ ಮೂಲೆಯಲ್ಲಿ ಹೊಸ ಮಣ್ಣಿನ ಗುಡ್ಡೆ ಬಿದ್ದಿದ್ದರೆ ಹೆಗ್ಗಣವೆಂದು ಬೇರೆ ಸಾಕ್ಷಿ ಬೇಕಿಲ್ಲ.

ನಾಗರಬಾವಿಗೂ ಸುಂಕದಕಟ್ಟೆಗೂ ನಡುವಿನ ಅನ್ನಪೂರ್ಣೇಶ್ವರಿ ನಗರದಂಥ ಬಡಾವಣೆ ಈ ಮೂರಕ್ಕೂ ಅನುಕೂಲದ ಜಾಗ. ಇಲ್ಲಿನ ಮನೆಗಳು ಹೆಚ್ಚಾಗಿ 30-40 ಸೈಟಿನವು. ಗೋಡೆಗೆ ಗೋಡೆ ತಾಗುವಷ್ಟು ಹತ್ತಿರ ಕಟ್ಟಿದ ಎರಡು ಮನೆಗಳ ಮಧ್ಯೆ ಮನುಷ್ಯ ಅಡ್ಡಡ್ಡ ನುಸುಳಬೇಕಾದ ಓಣಿ, ಅಲ್ಲಿ ಇಳಿದಿರುವ ಹತ್ತಾರು ಪೈಪು, ಮುಂದೆ ಚಪ್ಪಡಿ ಮುಚ್ಚಿದ ಮೋರಿ, ಪಕ್ಕದಲ್ಲಿ ಕಟ್ಟಡದ ಕಸ ಸುರಿದು ಪಾರ್ಥೇನಿಯಂ ಬೆಳೆದ ಖಾಲಿ ಸೈಟು. ಹೊಸ ಮನೆಗೆ ಪಾಯ ಅಗೆದರೆ ಬಿಲ ಕಳೆದುಕೊಂಡ ಹೆಗ್ಗಣ ಅಕ್ಕಪಕ್ಕಕ್ಕೆ ವಲಸೆ ಹೋಗುತ್ತದೆ. ಜೋರು ಮಳೆಗೆ ಮೋರಿ ತುಂಬಿದಾಗಲೂ ಅಷ್ಟೇ. ಹೀಗಾಗಿ ಒಂದು ಮನೆಯವರು ನಾಲ್ಕು ಇಲಿ ಕೊಂದರೆ ಆ ಜಾಗಕ್ಕೆ ಬೀದಿಯ ಬೇರೆ ನಾಲ್ಕು ಬರುತ್ತವೆ. ಸಣ್ಣಿಲಿಯ ಗರ್ಭಾವಧಿ ಸುಮಾರು ಮೂರು ವಾರ, ಒಂದು ಸೂಲಿಗೆ ಐದಾರು ಮರಿ. ಆ ಮರಿಗಳು ಒಂದೂವರೆ ತಿಂಗಳಲ್ಲಿ ತಾವೇ ಮರಿಹಾಕಲು ಸಿದ್ಧ. ಕೊಲ್ಲುವುದರಲ್ಲಿ ಈ ಲೆಕ್ಕವನ್ನು ಗೆದ್ದವರಿಲ್ಲ. ಬೋನಿಗೂ ಪಾಷಾಣಕ್ಕೂ ಮೊದಲು ತೂತು ಮುಚ್ಚಬೇಕು ಎನ್ನುವುದು ಇದಕ್ಕೇ.

ಸಣ್ಣಿಲಿಗೆ 6 ಮಿಲಿಮೀಟರ್ ಸಂದಿ ಸಾಕು, ಅಂದರೆ ಪೆನ್ಸಿಲ್ ತೂರುವಷ್ಟು. ಮನೆ ಇಲಿಗೆ ಅದರ ಎರಡರಷ್ಟು. ತಲೆಬುರುಡೆ ತೂರಿದ ಕಡೆ ಮೈ ತೂರಿಸುವುದು ಅವಕ್ಕೆ ಕಷ್ಟವಲ್ಲ. ಹುಡುಕಬೇಕಾದ ಜಾಗಗಳು ಮನೆಮನೆಗೂ ಹೆಚ್ಚುಕಡಿಮೆ ಒಂದೇ: ಸಿಂಕಿನ ಕೆಳಗೆ ಪೈಪು ಗೋಡೆ ಸೇರುವಲ್ಲಿ, ಎಕ್ಸಾಸ್ಟ್ ಫ್ಯಾನಿನ ಸುತ್ತ, ಎಸಿ ಪೈಪಿನ ತೂತು, ಯುಟಿಲಿಟಿಯ ಗ್ರಿಲ್, ಹಿತ್ತಲ ಬಾಗಿಲಿನ ಕೆಳಗೆ, ಬಚ್ಚಲ ಜಾಲರಿ. ರಾತ್ರಿ ಒಳಗೆ ದೀಪ ಆರಿಸಿ, ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಹಗಲು ಕಾಣದ ಸಂದಿಯೂ ಕಾಣುತ್ತದೆ. ಬರೀ ಎಂ-ಸೀಲ್, ಥರ್ಮೋಕೋಲ್, ಫೋಮ್ ತುರುಕಿದರೆ ಎರಡು ರಾತ್ರಿಯ ಕೆಲಸ. ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿದು ಸವೆಸಲೇಬೇಕು. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತೂತಿಗೆ ಒತ್ತಿ ತುಂಬಿ ಅದರ ಮೇಲೆ ಸಿಮೆಂಟ್ ಮೆತ್ತಿದರೆ ಮಾತ್ರ ನಿಲ್ಲುತ್ತದೆ. ಬಾಗಿಲಿನ ಅಡಿಗೆ ಅಲ್ಯೂಮಿನಿಯಂ ಪಟ್ಟಿ, ಕಿಟಕಿಗೆ ಕಬ್ಬಿಣದ ಸಣ್ಣ ಜಾಲರಿ ಬೇಕು. ನೈಲಾನಿನ ಸೊಳ್ಳೆ ಪರದೆ ಇಲಿಗೆ ಲೆಕ್ಕಕ್ಕೇ ಇಲ್ಲ. ಹೆಗ್ಗಣ ಬಚ್ಚಲ ಜಾಲರಿಯನ್ನು ಕೆಳಗಿನಿಂದ ತಲೆಯಲ್ಲಿ ಎತ್ತಿ ಬರುತ್ತದೆ. ಅಲ್ಲಿಗೆ ತಿರುಗಿಸಿ ಕೂರಿಸುವ ಸ್ಟೀಲ್ ಜಾಲರಿಯೇ ಆಗಬೇಕು. ಸಂಪಿನ ಮುಚ್ಚಳವನ್ನೂ ಮರೆಯುವಂತಿಲ್ಲ. ಮಹಡಿಗೆ ತಾಗುವ ಕೊಂಬೆ, ತೆಂಗಿನ ಗರಿ ಕಡಿಸಿದರೆ ಮನೆ ಇಲಿಯ ಅರ್ಧ ದಾರಿ ಮುಚ್ಚಿದಂತೆ.

ಇನ್ನು ಊಟದ ಮಾತು. ಬೆಳಗ್ಗೆ ಬರುವ ಕಸದ ಆಟೋಗೆಂದು ಹಸಿ ಕಸವನ್ನು ಹಿಂದಿನ ರಾತ್ರಿಯೇ ಗೇಟಿನ ಹೊರಗಿಡುವ ಅಭ್ಯಾಸ ಇಡೀ ಬೀದಿಯ ಇಲಿಗಳಿಗೆ ಔತಣ. ನಾಯಿಗೆ ಹಾಕಿದ ಅನ್ನ ರಾತ್ರಿಯಿಡೀ ಬಟ್ಟಲಲ್ಲಿ ಉಳಿದರೂ ಅದೇ ಕಥೆ. ಅಕ್ಕಿ, ರಾಗಿ, ಬೇಳೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬವೇ ಸರಿ.

ದಾರಿ, ಊಟ ಎರಡೂ ಕಟ್ಟಾದ ಮೇಲೆ ಒಳಗೆ ಸಿಕ್ಕಿಕೊಂಡವನ್ನು ಹಿಡಿಯುವುದು ಸುಲಭ. ಇಲಿ ಗೋಡೆಗೆ ಮೈ ತಾಗಿಸಿಕೊಂಡು ಓಡುತ್ತದೆ; ಬೋನಾಗಲಿ ಕತ್ತರಿಯಾಗಲಿ ಗೋಡೆಯ ಅಂಚಿನಲ್ಲೇ ಇರಬೇಕು, ಕೋಣೆಯ ನಡುವೆ ಇಟ್ಟರೆ ದಂಡ. ಒಲೆಯ ಮೇಲೆ ಸುಟ್ಟ ಕೊಬ್ಬರಿ ಚೂರು, ಹುರಿದ ಕಡಲೆಬೀಜ, ಈರುಳ್ಳಿ ಬಜ್ಜಿಯ ತುಂಡು ಒಳ್ಳೆಯ ಆಮಿಷ. ಪಾಷಾಣ ತರುವ ಮಾತನ್ನು ಜೋರಾಗಿ ಆಡಿದರೆ ಇಲಿ ಕೇಳಿಸಿಕೊಂಡು ಎಚ್ಚರವಾಗುತ್ತದೆಂದು ಕೆಲವು ಮನೆಗಳಲ್ಲಿ ಪಿಸುಗುಟ್ಟುವುದುಂಟು. ಇಲಿಗೆ ಕನ್ನಡ ಬಾರದು. ಆದರೆ ತನ್ನ ದಾರಿಯಲ್ಲಿ ನಿನ್ನೆ ಇಲ್ಲದ ವಸ್ತು ಇಂದು ಕಂಡರೆ ಮನೆ ಇಲಿ ಕೆಲವು ದಿನ ಅದರ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಮೊದಲ ಎರಡು ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ ತಿಂಡಿ ಮಾತ್ರ ಇಟ್ಟು, ರುಚಿ ಹತ್ತಿದ ಮೇಲೆ ಬಿಗಿಯಬೇಕು. ಸಣ್ಣಿಲಿಗೆ ಈ ಅಂಜಿಕೆ ಕಡಿಮೆ, ಹೊಸತನ್ನು ಅದೇ ಬಂದು ಮೂಸುತ್ತದೆ. ಗಣಪತಿಯ ವಾಹನವನ್ನು ಕೊಲ್ಲಬಾರದೆಂದು ಬೋನಿನಲ್ಲಿ ಹಿಡಿದದ್ದನ್ನು ಹಿಂದಿನ ರಸ್ತೆಯ ಖಾಲಿ ಸೈಟಿನಲ್ಲಿ ಬಿಟ್ಟು ಬರುವವರಿದ್ದಾರೆ. ಅಷ್ಟು ಹತ್ತಿರ ಬಿಟ್ಟರೆ ಅದು ವಾಪಸು ಬರುತ್ತದೆ, ಇಲ್ಲವೇ ಹಿಂದಿನ ರಸ್ತೆಯವರ ಪಾಲಾಗುತ್ತದೆ.

ಪಾಷಾಣ ಕೊನೆಯ ಉಪಾಯ. ಅಂಗಡಿಯಲ್ಲಿ ಮಾತ್ರ ಅದೇ ಮೊದಲು ಕೈಗೆ ಸಿಗುತ್ತದೆ. ಕಪ್ಪು ಪುಡಿಯಾದ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟ್ ಮನುಷ್ಯನ ಯಕೃತ್ತನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತದೆ, ಅದಕ್ಕೂ ಪ್ರತಿವಿಷವಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಸಾರ್ವಜನಿಕರಿಗೆ ಮಾರುವಂತೆಯೇ ಇಲ್ಲ. 2024ರ ಆಗಸ್ಟ್‌ನಲ್ಲಿ ಇದೇ ಪಶ್ಚಿಮ ಬೆಂಗಳೂರಿನ ಜ್ಞಾನಭಾರತಿ ಭಾಗದ ನರ್ಸಿಂಗ್ ವಿದ್ಯಾರ್ಥಿಗಳ ಹಾಸ್ಟೆಲೊಂದರಲ್ಲಿ ಇಲಿ ಓಡಿಸಲು ಸಿಂಪಡಿಸಿದ ಔಷಧದಿಂದ 19 ಮಂದಿ ಉಸಿರಾಟದ ತೊಂದರೆಯಾಗಿ ಆಸ್ಪತ್ರೆ ಸೇರಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಚೆನ್ನೈ ಬಳಿಯ ಕುಂಡ್ರತ್ತೂರಿನಲ್ಲಿ, ಮನೆಯಲ್ಲಿ ಇಟ್ಟಿದ್ದ ಇಲಿ ಪಾಷಾಣದ ಅನಿಲಕ್ಕೆ ಇಬ್ಬರು ಮಕ್ಕಳು ಬಲಿಯಾದರು. ಮಲಗುವ ಕೋಣೆಯಲ್ಲಿ, ಅದರಲ್ಲೂ ಬಾಗಿಲು ಕಿಟಕಿ ಮುಚ್ಚಿ ಎಸಿ ಹಾಕುವ ಕೋಣೆಯಲ್ಲಿ, ಯಾವ ಕಾರಣಕ್ಕೂ ಇವನ್ನು ಇಡಕೂಡದು.

ಹಾಕಲೇಬೇಕಾದರೆ ಬ್ರೊಮಾಡಿಯೋಲೋನ್ ಕೇಕು ಇದ್ದುದರಲ್ಲಿ ವಾಸಿ. ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುವುದರಿಂದ ಇಲಿ ಮೂರರಿಂದ ಐದಾರು ದಿನದಲ್ಲಿ ಸಾಯುತ್ತದೆ. ತಡವಾಗಿ ಸಾಯುವುದರಿಂದ ಉಳಿದವಕ್ಕೆ ಅನುಮಾನ ಹುಟ್ಟುವುದಿಲ್ಲ. ಮನುಷ್ಯರಿಗೆ ಕೆ ಜೀವಸತ್ವದ ಚಿಕಿತ್ಸೆಯೂ ಉಂಟು. ಆದರೂ ಅದರ ಜಾಗ ಮನೆಯ ಹೊರಗೆ, ಮಗು, ನಾಯಿ, ಬೆಕ್ಕಿಗೆ ಎಟುಕದ ಬೀಗದ ಪೆಟ್ಟಿಗೆಯೊಳಗೆ. ಒಳಗೆ ಹಾಕಿದರೆ ಫಾಲ್ಸ್ ಸೀಲಿಂಗಿನಲ್ಲಿ ಸತ್ತ ಇಲಿಯ ವಾಸನೆಯನ್ನು ಹದಿನೈದು ದಿನ ಸಹಿಸಬೇಕಾದೀತು. ವಿಷ ತಿಂದ ಇಲಿಯನ್ನು ಹಿಡಿದು ತಿಂದ ಕಣಜ ಗೂಬೆಯೂ ಸಾಯಬಹುದು. ರಾತ್ರಿಯಿಡೀ ಪುಕ್ಕಟೆ ಇಲಿ ಹಿಡಿಯುವ ಹಕ್ಕಿ ಅದು.

ಉಳಿದ ಉಪಾಯಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ, ಶ್ರವಣಾತೀತ ಶಬ್ದ ಹೊರಡಿಸುವ ಯಂತ್ರಕ್ಕೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇವುಗಳ ಅರವತ್ತಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಬೆಕ್ಕು ಸಣ್ಣಿಲಿಗೆ ಸರಿ, ಬಲಿತ ಹೆಗ್ಗಣ ಎದುರಾದರೆ ಅದೇ ದಾರಿ ಬಿಡುತ್ತದೆ. ಅಂಟಿನ ಹಲಗೆಯ ಮೇಲೆ ಇಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಹಲ್ಲಿ, ಗುಬ್ಬಿಯೂ ಸಿಕ್ಕಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದರ ವಿರುದ್ಧ ರಾಜ್ಯಗಳಿಗೆ ಸೂಚನೆ ಕಳಿಸಿದೆ.

ಇಲಿಯ ಭಯ ಬೆಂಗಳೂರಿಗೆ ಹಳೆಯದು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಕಾಲಿಟ್ಟಾಗ ಮನೆಯಲ್ಲಿ ಇಲಿ ಬಿದ್ದು ಸತ್ತರೆ ಜನ ಮನೆ ಬಿಟ್ಟು ಬಯಲಿನ ಗುಡಿಸಲು ಸೇರುತ್ತಿದ್ದರು. ಅದರ ನಂತರವೇ ಮಲ್ಲೇಶ್ವರ, ಬಸವನಗುಡಿ ಭರದಿಂದ ಬೆಳೆದವು. ಇಂದಿನ ಆತಂಕ ಮುಖ್ಯವಾಗಿ ಇಲಿ ಜ್ವರದ್ದು. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಈ ಸೋಂಕು ಬರಬಹುದು. ಮಳೆಗಾಲದಲ್ಲಿ ಮೋರಿ ನೀರು ತುಳಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ವೈದ್ಯರಿಗೆ ಆ ಸಂಗತಿಯನ್ನೂ ತಿಳಿಸಬೇಕು. ಹಿಕ್ಕೆಯನ್ನು ಒಣಗಿದಂತೆ ಪೊರಕೆಯಲ್ಲಿ ಗುಡಿಸಿದರೆ ದೂಳು ಮೂಗು ಸೇರುತ್ತದೆ. ಬ್ಲೀಚಿಂಗ್ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಹಳೇ ಕಾಗದದಲ್ಲಿ ಒರೆಸಿ ತೆಗೆಯಬೇಕು. ಇಲಿ ಕಚ್ಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರನ್ನು ಕಾಣಬೇಕು, ಧನುರ್ವಾಯು ಚುಚ್ಚುಮದ್ದು ಬೇಕಾಗಬಹುದು.

ಇಲಿ ಹೋಯಿತೋ ಇಲ್ಲವೋ ತಿಳಿಯಲು ಮಲಗುವ ಮುನ್ನ ಅಡುಗೆಮನೆಯ ಗೋಡೆಯಂಚಿಗೆ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿ ಬೆಳಗ್ಗೆ ನೋಡಿದರಾಯಿತು. ಹೆಜ್ಜೆ ಮೂಡಿರದಿದ್ದರೆ ಮತ್ತೆರಡು ವಾರ ಬಿಟ್ಟು ಇನ್ನೊಮ್ಮೆ. ಹೊಸ ಇಂಟರ್ನೆಟ್ ಕೇಬಲ್ ಎಳೆಸಿದಾಗ, ವಾಟರ್ ಫಿಲ್ಟರ್ ಕೂರಿಸಿದಾಗ ಗೋಡೆಗೆ ಕೊರೆದ ತೂತನ್ನು ಕೆಲಸದವರು ಸಾಮಾನ್ಯವಾಗಿ ಹಾಗೇ ಬಿಟ್ಟು ಹೋಗುತ್ತಾರೆ. ಅದನ್ನು ಅಂದೇ ಮುಚ್ಚಿಸಬೇಕು.